ಪೆನ್ಸಿಲ್ ಇಲ್ಲದ ಶುಕ್ರವಾರ

ಅದು 2022. ಕೊರೊನಾ ರಜೆಗಳೆಲ್ಲ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷ. ಹಲಸೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಕನ್ನಡ ಶಿಕ್ಷಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ವಿಮಾನಪುರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಸೀಟು ಸಿಕ್ಕರೂ ಕೂರುವವಳಲ್ಲ ನಾನು, ಬಾಗಿಲ ಹತ್ತಿರವೇ ನಿಂತಿರುತ್ತಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಮನೆಯವರು ರೇಗಿಸುತ್ತಿದ್ದರು. ಇಂಥವಳು ಆ ವರ್ಷ ಮೈಮೇಲೆ ಎಳೆದುಕೊಂಡ ಕೆಲಸವೆಂದರೆ ಒಂಬತ್ತನೇ ತರಗತಿಯ ಮಕ್ಕಳನ್ನು ಒಂದೆಡೆ ಕೂರಿಸಿ, ಅವರಷ್ಟಕ್ಕೆ ಅವರೇ ಓದುವ ಹಾಗೆ ಮಾಡುವುದು.

ಎರಡು ವರ್ಷ ಫೋನಿನಲ್ಲಿ ಪಾಠ ಕೇಳಿ ಬಂದ ಮಕ್ಕಳು ಅವು. ಮನೆಯಲ್ಲಿ ತಮಿಳೋ ದಖನಿ ಉರ್ದುವೋ ಆಡುವವರೇ ಹೆಚ್ಚು, ಕನ್ನಡವೇನಿದ್ದರೂ ಶಾಲೆಯಲ್ಲಿ ಮತ್ತು ಬೀದಿಯಲ್ಲಿ. ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಮುಟ್ಟಿದವರು ಅವರಲ್ಲಿ ಇರಲಿಲ್ಲ ಎಂದೇ ಹೇಳಬೇಕು. ನಮ್ಮ ಮುಖ್ಯೋಪಾಧ್ಯಾಯಿನಿ ವಿಮಲಾ ಮೇಡಂ ಅವರ ಬಳಿ ಹೋಗಿ, ಶುಕ್ರವಾರದ ಕೊನೆಯ ಪೀರಿಯಡ್ಡನ್ನು ಓದುವುದಕ್ಕೆ ಕೊಡಿ ಎಂದು ಕೇಳಿದೆ. ಅದರ ಮೇಲೆ ಗಣಿತದ ಮೇಷ್ಟ್ರೂ ಕಣ್ಣಿಟ್ಟಿದ್ದರು.

“ನೋಡಿ ಶೋಭಾ, ದಸರಾ ರಜೆವರೆಗೂ ಕೊಡ್ತೀನಿ. ರಜೆಗೆ ಮುಂಚೆ ನಾನೇ ಬಂದು ನೋಡ್ತೀನಿ. ಮಕ್ಳು ಓದ್ತಿದಾರೆ ಅಂತ ನಂಗೆ ಕಾಣಿಸ್ಬೇಕು. ಇಲ್ದಿದ್ರೆ ಮ್ಯಾಥ್ಸ್‌ಗೆ ಕೊಟ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ” ಎಂದರು.

ಬೀರುವಿನಲ್ಲಿ ಧೂಳು ಹಿಡಿದಿದ್ದ ಕಥೆಪುಸ್ತಕಗಳನ್ನೆಲ್ಲ ಒರೆಸಿ ಹಂಚಿದೆ. ಜೆನಿಫರ್ ಎಂಬ ಹುಡುಗಿ, ಆಟೊ ಓಡಿಸುವವರ ಮಗಳು, ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಎದ್ದು ನಿಂತಳು.

“ಮಿಸ್, ಇದ್ರಲ್ಲಿ ಯಾವ್ದು ಇಂಪಾರ್ಟೆಂಟು?”

“ಕಥೆ ಕಣೆ ಅದು. ಎಲ್ಲಾನೂ ಓದು.”

“ಎಲ್ಲಾನೂ ಬರುತ್ತಾ ಮಿಸ್ ಟೆಸ್ಟ್‌ಗೆ?”

ಎರಡು ವಾರ ಕಳೆದು ಪುಸ್ತಕಗಳು ವಾಪಸು ಬಂದಾಗ ತೆಗೆದು ನೋಡಿದೆ. ನಮ್ಮ ಮಕ್ಕಳು ಪಾಠ ಓದುವ ಕ್ರಮ ಎಲ್ಲ ಮೇಷ್ಟ್ರಿಗೂ ಗೊತ್ತು. ಮೊದಲು ಪಾಠದ ಕೊನೆಯ ಪ್ರಶ್ನೆ ನೋಡುವುದು, ಉತ್ತರವಿರುವ ಸಾಲು ಹುಡುಕಿ ಪೆನ್ಸಿಲಿನಲ್ಲಿ ಬ್ರಾಕೆಟ್ ಹಾಕುವುದು, ಪಕ್ಕದಲ್ಲಿ ಪ್ರಶ್ನೆಯ ನಂಬರು ಬರೆಯುವುದು. ಬ್ರಾಕೆಟ್ಟಿನ ಹೊರಗೆ ಉಳಿದದ್ದು ಲೆಕ್ಕಕ್ಕಿಲ್ಲ. ಕಥೆಪುಸ್ತಕಗಳಿಗೂ ಅದೇ ಗತಿಯಾಗಿತ್ತು. ಕೊನೆಯಲ್ಲಿ ಪ್ರಶ್ನೆಗಳಿಲ್ಲವಲ್ಲ, ಪಾಪ, ತಾವೇ ಊಹಿಸಿಕೊಂಡು ಬ್ರಾಕೆಟ್ ಹಾಕಿದ್ದವು. ಒಂದು ಕಥೆಯಲ್ಲಿ ಜಾತ್ರೆಗೆ ಹೋದ ಮಗು ಕಳೆದುಹೋಗುತ್ತದೆ. ಆ ಸಾಲಿನ ಪಕ್ಕ ‘2 ಮಾರ್ಕ್ಸ್’ ಎಂದು ಬರೆದಿತ್ತು. ತಾಯಿ ರಾತ್ರಿಯೆಲ್ಲ ಹುಡುಕಿ ಅಲೆಯುವ ಪುಟದಲ್ಲಿ ಒಂದು ಗೆರೆಯೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ತೋರಿಸಿ ನಕ್ಕೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಮಾತ್ರ ಸಂಕಟವಾಯಿತು.

ಮುಂದಿನ ಶುಕ್ರವಾರ ಪೆನ್ನು, ಪೆನ್ಸಿಲ್ ಎಲ್ಲವನ್ನೂ ಬ್ಯಾಗಿಗೆ ಹಾಕಿಸಿದೆ. ಓದಿದ್ದರ ಬಗ್ಗೆ ನಾನು ಒಂದೂ ಪ್ರಶ್ನೆ ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟದ್ದೇನೋ ಸರಿ, ಆದರೆ ಪೆನ್ಸಿಲ್ ಇಲ್ಲದ ಕೈಗಳನ್ನು ಏನು ಮಾಡಬೇಕೆಂದು ಮಕ್ಕಳಿಗೆ ತಿಳಿಯಲಿಲ್ಲ. ಒಬ್ಬ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ. ಇಬ್ಬರು ಟಾಯ್ಲೆಟ್‌ಗೆ ಹೋಗುತ್ತೇವೆ ಎಂದು ಎದ್ದರು. ಬೆಂಚಿನ ಕೆಳಗೆ ಕಾಲುಗಳು ಒಂದೇ ಸಮನೆ ಅಲ್ಲಾಡುತ್ತಿದ್ದವು.

ನನ್ನ ಪಾಡು ಅದಕ್ಕಿಂತ ಕಡೆ. ಕೇಳದೇ ಹೋದರೆ ಇವರು ಓದುತ್ತಿದ್ದಾರೋ ಪುಟ ತಿರುವುತ್ತಿದ್ದಾರೋ ತಿಳಿಯುವುದು ಹೇಗೆ? ಮೇಡಂ ಬಂದಾಗ ಏನು ತೋರಿಸಲಿ? ಸಾಲುಸಾಲಿನ ನಡುವೆ ಓಡಾಡಿದೆ. ಜೆನಿಫರ್ ಹತ್ತಿರ ಹೋಗಿ ಬಗ್ಗಿದರೆ ಅವಳು ತಟ್ಟನೆ ಪುಸ್ತಕ ಮುಚ್ಚಿ, ಪ್ರಶ್ನೆಗೆ ತಯಾರಾಗಿ ಕೈಕಟ್ಟಿ ನಿಂತುಬಿಟ್ಟಳು. ಆಮೇಲೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಶುಕ್ರವಾರ ಬಂತೆಂದರೆ ಬೆಳಗಿನಿಂದಲೇ ನನಗೆ ತಳಮಳ. ನಲವತ್ತು ನಿಮಿಷ ಸುಮ್ಮನೆ ಕೂತು ಏಳುವಷ್ಟರಲ್ಲಿ ಜೀವ ಹಣ್ಣಾಗುತ್ತಿತ್ತು. ವಾರಗಳು ಹೀಗೇ ಕಳೆದವು. ಕಾಲುಗಳ ಅಲ್ಲಾಟ ಸ್ವಲ್ಪ ಕಡಿಮೆಯಾದಂತೆ ಕಂಡಿತು, ಅದೂ ನನ್ನ ಭ್ರಮೆಯೋ ಏನೋ ಎಂದುಕೊಂಡೆ.

ದಸರಾ ರಜೆಯ ಹಿಂದಿನ ಶುಕ್ರವಾರ ವಿಮಲಾ ಮೇಡಂ ಬಂದೇಬಿಟ್ಟರು. ಇಡೀ ತರಗತಿ ಎದ್ದು “ನಮಸ್ತೆ ಮೇಡಂ” ಎಂದಿತು, ಜೆನಿಫರ್ ಒಬ್ಬಳನ್ನು ಬಿಟ್ಟು. ಅವಳು ಪುಸ್ತಕದ ಮೇಲೆ ಬಗ್ಗಿಕೊಂಡೇ ಇದ್ದಳು. ಹೆಡ್‌ಮಿಸ್ ಬಂದಾಗ ಏಳದವರನ್ನು ನಮ್ಮ ಶಾಲೆ ಅಲ್ಲಿಯವರೆಗೆ ಕಂಡಿರಲಿಲ್ಲ. ಪಕ್ಕದವಳು ತಿವಿದಳು. ನಾನು “ಜೆನಿಫರ್!” ಎಂದು ಗದರಿಸಿದೆ.

ಅವಳು ತಲೆ ಎತ್ತದೆ ಒಂದು ಕೈ ಮಾತ್ರ ಎತ್ತಿದಳು. “ಒಂದ್ನಿಮ್ಷ ಮಿಸ್, ಇನ್ನೊಂದೇ ಪೇಜು.”

ಮುಗಿಯಿತು, ಪೀರಿಯಡ್ ಗಣಿತಕ್ಕೆ ಹೋಯಿತು ಎಂದುಕೊಂಡೆ. ಮೇಡಂ ಮಾತ್ರ ಬಾಗಿಲ ಬಳಿಯೇ ನಿಂತು ಕಾದರು. ಜೆನಿಫರ್ ತುಟಿ ಅಲ್ಲಾಡಿಸುತ್ತ ನಿಧಾನ ಓದುವವಳು, ಆ ಒಂದು ಪುಟ ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಕೊನೆಗೆ ಪುಸ್ತಕ ಮುಚ್ಚಿ ಸುತ್ತ ನೋಡಿದವಳೇ ಗಾಬರಿಯಿಂದ ಎದ್ದಳು. “ಸಾರಿ ಮೇಡಂ, ಸಾರಿ!”

“ಮುಗೀತಾ?” ಎಂದರು ಮೇಡಂ. “ಹೇಗಿತ್ತು?”

“ಚೆನ್ನಾಗಿತ್ತು ಮೇಡಂ. ಆದ್ರೆ ಕೊನೇಲಿ ಹಾಳ್ಮಾಡ್ಬಿಟ್ರು. ಅಷ್ಟೆಲ್ಲ ಬೈದು ತಂಗೀನ ಆಚೆ ಹಾಕಿದ್ನಲ್ಲ ಆ ಅಣ್ಣ, ಅವ್ನು ಬಂದ ತಕ್ಷಣ ಇವ್ಳು ಬಾಗ್ಲು ತೆಗೆದು ಅನ್ನ ಇಕ್ತಾಳೆ. ನಾನಾಗಿದ್ರೆ ತೆಗೀತಾನೇ ಇರ್ಲಿಲ್ಲ.”

ಮುಂದಿನ ಬೆಂಚಿನಿಂದ ಸಾನಿಯಾ ತಿರುಗಿ ನಿಂತಳು. “ಏಯ್, ಅವ್ನಿಗೆ ಜ್ವರ ಬಂದಿತ್ತು ಕಣೆ!”

“ಜ್ವರ ಬಂದ್ರೆ ಆಸ್ಪತ್ರೆಗೆ ಹೋಗ್ಲಿ!”

ತರಗತಿಯಲ್ಲಿ ಗಲಾಟೆ ಶುರುವಾಯಿತು. ಆ ಪುಸ್ತಕ ಆಗಲೇ ಐದಾರು ಕೈ ಸುತ್ತಿದೆ ಎಂದು ನನಗೆ ತಿಳಿದದ್ದೇ ಆಗ. ಖುಷಿಯಾಯಿತು, ಮೇಡಂ ಏನನ್ನುತ್ತಾರೋ ಎಂಬ ಭಯವೂ ಇತ್ತು. ಅವರು ಜೆನಿಫರ್ ಮುಂದೆ ಕೈಚಾಚಿದರು. “ಕೊಡಿಲ್ಲಿ ಆ ಪುಸ್ತಕ” ಎಂದು ತೆಗೆದುಕೊಂಡು ಹೊರಟೇ ಹೋದರು.

ರಜೆಯಲ್ಲಿ ನನಗೆ ನೆಮ್ಮದಿಯಿರಲಿಲ್ಲ. ಶಾಲೆ ತೆರೆದ ದಿನ ನೇರ ಅವರ ರೂಮಿಗೇ ಹೋದೆ. “ಪೀರಿಯಡ್ ಏನ್ಮಾಡಿದ್ರಿ ಮೇಡಂ?”

“ಅದಿರ್ಲಿ ಶೋಭಾ. ಆ ಹುಡ್ಗಿ ಹೇಳಿದ್ದೇ ಸರಿ. ಬಾಗ್ಲು ತೆಗೀಬಾರ್ದಿತ್ತು.”

“ಅದ್ಹೇಗೆ ಮೇಡಂ? ಒಡಹುಟ್ಟಿದೋನು, ಜ್ವರ ಬೇರೆ...” ಎಂದೆ ನಾನು. ಬೆಲ್ ಹೊಡೆಯುವವರೆಗೂ ಇಬ್ಬರೂ ವಾದ ಮಾಡಿದೆವು. ಶುಕ್ರವಾರ ನಮಗೇ ಉಳಿಯಿತು, ಗಣಿತಕ್ಕೆ ಶನಿವಾರ ಅರ್ಧ ಗಂಟೆ ಹೆಚ್ಚು ಸಿಕ್ಕಿತು.

ಕೆಲಸಕ್ಕೆ ಸೇರಿದ ದಿನದಿಂದ ಪ್ರಶ್ನೆ ಕೇಳಿಯೇ ಸಂಬಳ ತೆಗೆದುಕೊಂಡವಳು ನಾನು. ಮಗು ಓದುವಾಗ ಎಷ್ಟೇ ತಳಮಳವಾದರೂ ದೂರವಿರಬೇಕು, ಅದರ ಅಭಿಪ್ರಾಯ ತಾನಾಗಿ ಬಾಯಿಗೆ ಬರುವ ತನಕ ಕಾಯಬೇಕು ಎಂಬುದನ್ನು ಆ ಕೆಲಸ ನನಗೆ ಕಲಿಸಿದ್ದು ನಿವೃತ್ತಿ ಹತ್ತಿರ ಬಂದಾಗ. ಇವತ್ತಿಗೂ ಅದು ನನಗೆ ಸುಲಭವಲ್ಲ. ಮೊಮ್ಮಗಳು ಪುಸ್ತಕ ಹಿಡಿದು ಕೂತಳೆಂದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ.