ವಿಲಾವನ್ ಟೀಚರ್ ಬರೆಯದ ಪುಸ್ತಕ

ನಮ್ಮೂರಲ್ಲಿ ಯಾರಾದರೂ ಸತ್ತರೆ ಪುಸ್ತಕ ಬರುತ್ತದೆ. ದಹನಕ್ಕೆ ಬಂದವರು ಗಂಧದ ಚಕ್ಕೆಯ ಹೂವನ್ನು ಶವಪೆಟ್ಟಿಗೆಯ ಬಳಿ ಇಟ್ಟು ಮೆಟ್ಟಿಲಿಳಿಯುವಾಗ ಮನೆಯವರು ಕೈಗೊಂದು ಪ್ರತಿ ಕೊಡುತ್ತಾರೆ. ಮೊದಲಿಗೆ ಸತ್ತವರ ಜೀವನಚರಿತ್ರೆ, ಉಳಿದ ಹಾಳೆಗಳಲ್ಲಿ ಪ್ರಾರ್ಥನೆಯೋ ಅಡುಗೆಯ ವಿಧಾನವೋ. ಈ ಪುಸ್ತಕಗಳನ್ನು ನಂಬಿದರೆ ನಮ್ಮೂರಲ್ಲಿ ಇದುವರೆಗೆ ಕೆಟ್ಟವರೊಬ್ಬರೂ ಸತ್ತಿಲ್ಲ.

ಚರಿತ್ರೆ ಬರೆಯುವ ಕೆಲಸ ಹೈಸ್ಕೂಲಿನ ಇತಿಹಾಸದ ಟೀಚರ್ ತಲೆಗೆ ಬೀಳುವುದು ವಾಡಿಕೆ. ನಾನು ಪಕ್ಕದ ಕೋಣೆಯಲ್ಲಿ ಥಾಯ್ ಭಾಷೆ ಕಲಿಸುತ್ತಿದ್ದೆ. ವಿಲಾವನ್ ಟೀಚರ್ ಸಾವಿನ ಮನೆಗೆ ಹೋಗಿ ಚಾಪೆಯ ಮೇಲೆ ಕೂತು, ಮನೆಯವರನ್ನೂ ಆಗದವರನ್ನೂ ಕೇಳಿ ಬರೆಯುತ್ತಿದ್ದುದನ್ನು ಕಂಡಿದ್ದೇನೆ. ನೂಡಲ್ಸ್ ಮಾರುತ್ತಿದ್ದ ಮುದುಕಿಯ ಬಗ್ಗೆ ಅವರು ಬರೆದದ್ದರಲ್ಲಿ ಆಕೆಯ ಬಾಯಿ ಜೋರೆಂಬುದೂ ಇತ್ತು. ಓದಿದವರು ನಗುತ್ತಾ ಅತ್ತರು.

ಆ ವರ್ಷ ಫುವಾಂಗ್ ಸತ್ತ. ಹೋಬಳಿಯ ಯಜಮಾನ, ಅಕ್ಕಿ ಗಿರಣಿಯ ಒಡೆಯ. ಮಗ ಕೊಂಗ್ಸಕ್ ಕಿತ್ತಳೆಯ ಬುಟ್ಟಿ ಹಿಡಿದು ನೇರ ನಮ್ಮ ಕೋಣೆಗೇ ಬಂದ.

"ಅಪ್ಪಂದು ನೀವೇ ಬರೀಬೇಕು ಟೀಚರ್. ಪ್ರವಾಹದ ವರ್ಷ ಊರು ಉಳಿಸಿದ್ದು ಚೆನ್ನಾಗಿ ಬರ್ಲಿ."

"ಯಾವ ಊರು?"

"ಇದೇನು, ನಮ್ಮೂರೇ."

"ಕಾಲುವೆಯ ಕೆಳಗಿನ ಕೇರಿ ನಮ್ಮೂರಲ್ವಾ?"

ಕೊಂಗ್ಸಕ್ ಹಲ್ಲು ಕಿರಿದ. "ಸತ್ತೋರ ಮೇಲೆ ಎಂಥ ಸಿಟ್ಟು? ಬೆಂಕೀಲಿ ಎಲ್ಲಾ ಸುಟ್ಟುಹೋಗುತ್ತೆ ಬಿಡಿ."

"ಗದ್ದೆ ಪತ್ರ ಸುಡಲ್ಲ."

ಅವನು ಹೋದ ಮೇಲೆ ಟೀಚರ್ ಬುಟ್ಟಿಯನ್ನು ಬಾಗಿಲಾಚೆ ಇಟ್ಟು ಬಂದರು. ಅಲ್ಲಿಯವರೆಗೆ ನನಗೆ ಹೇಳದಿದ್ದ ಮಾತು ಅವತ್ತು ಹೇಳಿದರು. ಅವರು ಹುಡುಗಿಯಾಗಿದ್ದಾಗ ನೀರು ಏರಿದ ರಾತ್ರಿ, ಫುವಾಂಗ್ ತನ್ನ ಗಿರಣಿ ಉಳಿಸಲು ಕಾಲುವೆಯ ತೂಬು ಮುಚ್ಚಿಸಿದ. ನೀರು ಕೆಳಗಿನ ಕೇರಿಗೆ ತಿರುಗಿತು. ನೆರೆ ಇಳಿದ ಮೇಲೆ ಕೊಳೆತ ಗದ್ದೆಗಳನ್ನೆಲ್ಲ ಅವನೇ ಪುಡಿಗಾಸಿಗೆ ಕೊಂಡ. ಮರುವರ್ಷ ತೂಬಿನ ಬಳಿ, ಊರು ಉಳಿಸಿದವನೆಂದು ಅವನಿಗೆ ಕೃತಜ್ಞತೆಯ ಕಲ್ಲು ನೆಟ್ಟರು.

"ನಮ್ಮಪ್ಪಂಗೆ ಓದೋಕೆ ಬರ್ತಿರ್ಲಿಲ್ಲ. ನಾನೇ ಓದಿ ಹೇಳ್ದೆ. 'ಕಲ್ಲಲ್ಲಿ ಕೆತ್ತಿದಾರೆ ಅಂದ್ಮೇಲೆ ನಿಜಾನೇ ಇರ್ಬೇಕು ಮಗಾ' ಅಂದ. ತನ್ನ ಗದ್ದೆ ನುಂಗಿದೋನ ಹೆಸರಿಗೆ ಕೈ ಮುಗ್ದ. ನಾನು ಅಲ್ಲೇ ಕಾಲುವೆ ಪಕ್ಕ ವಾಂತಿ ಮಾಡ್ಕೊಂಡೆ ಕಣೇ. ದೇಶದ ಮೇಲಿನ ಪ್ರೀತಿಗೆ ಇತಿಹಾಸ ಕಲಿಸ್ತೀವಿ ಅಂತಾರಲ್ಲ, ಅದೆಲ್ಲ ನಂಗೊತ್ತಿಲ್ಲ. ನಾನು ಕಲಿಸೋದು ಆ ಹೇಸಿಗೆಗೆ."

ಆದರೂ ಅವರು ಬರೆದರು. ಒಂದೇ ಪುಟ. ಬಡ ಹುಡುಗರು ಭಿಕ್ಷುಗಳಾಗುವ ದೀಕ್ಷೆಗೆ ಫುವಾಂಗ್ ಖರ್ಚು ಹಾಕಿದ್ದನ್ನು ಬರೆದರು. ಹೆರಿಗೆ ಕಷ್ಟವಾದ ನೆರೆಮನೆಯ ಹೆಂಗಸನ್ನು ತನ್ನ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದದ್ದನ್ನು ಬರೆದರು. ತೂಬು ಮುಚ್ಚಿಸಿದ್ದನ್ನೂ ಗದ್ದೆ ಕೊಂಡದ್ದನ್ನೂ ಬರೆದರು.

ಹೆಡ್‌ಮಾಸ್ಟರ್ ಥಾವೋನ್ ಓದಿ ಮೂಗು ಮುರಿದರು. "ಇದೇನು, ಪೊಲೀಸ್ ರಿಪೋರ್ಟಾ? ಶಾಲೆಗೆ ಅವರು ಹೊಸ ಕಟ್ಟಡ ಕಟ್ಟಿಸ್ತಿದಾರೆ, ನೆನಪಿರ್ಲಿ."

"ಬೇಡಾಂದ್ರೆ ಬಿಡಿ ಸಾರ್. ಬೇರೆ ಯಾರ ಕೈಲಾದ್ರೂ ಬರೆಸಿ. ನನ್ನ ಹೆಸರು ಮಾತ್ರ ಹಾಕ್ಬೇಡಿ."

ದಹನದ ದಿನ ಬೌದ್ಧ ವಿಹಾರದ ಅಂಗಳ ತುಂಬಿತ್ತು. ಬೆವರು, ಊದುಬತ್ತಿ, ದೊಡ್ಡವರ ಕೊರಳಿನ ಅತ್ತರು. ಪುಸ್ತಕಕ್ಕೆ ಚಿನ್ನದ ಬಣ್ಣದ ರಕ್ಷಾಪುಟ. ಒಳಗೆ ಫುವಾಂಗ್ ಊರನ್ನೆಲ್ಲ ತೋಳಲ್ಲೆತ್ತಿ ನೆರೆಯಿಂದ ದಾಟಿಸಿದ್ದ. ಕೆಳಗೆ ಅಚ್ಚಾಗಿತ್ತು: ವಿಲಾವನ್, ಇತಿಹಾಸ ಶಿಕ್ಷಕಿ.

ಟೀಚರ್ ಪುಸ್ತಕ ತೋರಿಸಿ ಕೇಳಿದಾಗ ಹೆಡ್‌ಮಾಸ್ಟರ್ ಮುಖ ಕೂಡ ಕೆಂಪಾಗಲಿಲ್ಲ. "ಬರೆದದ್ದು ನಾನೇ. ನನ್ನ ಹೆಸರಿಗೆ ಯಾರು ನಂಬ್ತಾರೆ? ನಿಮ್ಮ ಹೆಸರಿದ್ರೆ ಜನ ನಂಬ್ತಾರೆ ಟೀಚರ್, ಖುಷಿ ಪಡಿ."

ಅಷ್ಟರಲ್ಲಿ ಕೆಳಗಿನ ಕೇರಿಯ ಮುದುಕಿಯೊಬ್ಬಳು ಬಂದು ಟೀಚರ್ ಕೈ ಹಿಡಿದುಕೊಂಡಳು. ಅವಳ ಗದ್ದೆಯೂ ಅದೇ ನೆರೆಯಲ್ಲಿ ಹೋಗಿತ್ತು. "ಮೊಮ್ಮಗ ಓದಿ ಹೇಳ್ದ ತಾಯಿ. ನಾನು ಇಷ್ಟು ವರ್ಷ ಆ ಮನುಷ್ಯನ್ನ ಸುಮ್ನೆ ಬೈಕೊಂಡೆ. ನೀನೇ ಬರ್ದಿದೀಯ ಅಂದ್ಮೇಲೆ ನನ್ನದೇ ತಪ್ಪು."

ಟೀಚರ್ ವಿಹಾರದ ನಲ್ಲಿಯಲ್ಲಿ ಕೈ ತೊಳೆದರು. ಒರೆಸಿಕೊಂಡು ಮತ್ತೆ ತೊಳೆದರು. ಮುದುಕಿ ಮುಟ್ಟಿದ ಕೈಯಲ್ಲ, ಪುಸ್ತಕ ಹಿಡಿದ ಕೈ.

ಮರುದಿನ ಅದೇ ಪುಸ್ತಕ ಹಿಡಿದು ಹತ್ತನೆಯ ತರಗತಿಗೆ ಹೋದರು. ಆ ತರಗತಿಯಲ್ಲಿ ವಾನ್ ಇದ್ದಳು, ಫುವಾಂಗನ ಮೊಮ್ಮಗಳು, ಕೊಂಗ್ಸಕ್‌ನ ಮಗಳು. ಅಜ್ಜನ ಮುದ್ದಿನ ಹುಡುಗಿ. "ಅವಳ ಮುಂದೆ ಬೇಡ ಅಕ್ಕಾ" ಎಂದು ನಾನು ಬೇಡಿಕೊಂಡಿದ್ದೆ. ನಮ್ಮ ಕೋಣೆಗಳ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಎಲ್ಲ ಕೇಳಿಸಿತು.

"ಇದರಲ್ಲಿ ನನ್ನ ಹೆಸರಿದೆ. ಇದನ್ನ ನಾನು ಬರೆದಿಲ್ಲ."

ಗುಸುಗುಸು. ಆಮೇಲೆ ವಾನ್‌ಳ ದನಿ. "ನಂಗೊತ್ತಾಯ್ತು ಟೀಚರ್. ಇದರಲ್ಲಿ ಅಜ್ಜಾನೇ ಇಲ್ಲ. ಅಜ್ಜ ಬೈತಿದ್ದ, ಮೀನಿನ ಗೊಜ್ಜು ತಿಂದು ತೇಗ್ತಿದ್ದ. ಇವನ್ಯಾರೋ ಬೇರೆ. ನೀವು ಬರೆದದ್ದು ಎಲ್ಲಿ?"

"ಅದು ನಿಂಗೆ ಹಿಡಿಸ್ದೇ ಇರಬಹುದು ಮಗಳೇ."

"ಓದಿ."

ಟೀಚರ್ ಓದಿದರು. ದನಿ ಎಲ್ಲೂ ಏರಲಿಲ್ಲ. ದೀಕ್ಷೆ, ಲಾರಿ, ತೂಬು, ಗದ್ದೆ.

"ಆ ಗದ್ದೇಲಿ ಈಗ್ಲೂ ನಾವೇ ಭತ್ತ ಬೆಳೀತಿರೋದು" ಎಂದಳು ವಾನ್.

"ಹೌದು."

"ಅಪ್ಪಂಗೆ ಇದೆಲ್ಲ ಗೊತ್ತಾ?"

"ನಾನು ಹೇಳಿದ್ರೆ ಅದು ನನ್ನ ಮಾತಾಗುತ್ತೆ. ನೀನೇ ಕೇಳು."

"ಹಾಗಾದ್ರೆ ಆ ಹಾಳೆ ಕೊಡಿ."

ನಾನು ತಡೆಯಲಾರದೆ ಬಾಗಿಲ ಬಳಿ ಹೋಗಿ ನಿಂತೆ. ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಕೈ ಚಾಚಿ ನಿಂತಿದ್ದಳು. ಟೀಚರ್ ಹಾಳೆಯನ್ನು ಮೇಜಿನ ಮೇಲಿಟ್ಟು, ಪೆನ್ನು ತೆಗೆದು, ಕೆಳಗೆ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು. ಆಮೇಲೆ ಅದನ್ನು ಅವಳ ಕೈಗೆ ಕೊಟ್ಟರು.