ಒತಿಲಿಯಾಳ ಟೊಪ್ಪಿಗೆ ಹತ್ತಿದ ನುಸಿ

ಪುಯೆರ್ತೊ ವಿಲಿಯಮ್ಸ್ ಎಂಬ ಕಡಲೂರಿನಲ್ಲಿ ನೇಲಿದಾಳನ್ನು ಎಲ್ಲರೂ ಕರೆಯುತ್ತಿದ್ದುದು ನುಸಿಯಮ್ಮ ಎಂದೇ. ಕಣ್ಣಿಗೆ ಕಾಣದ ಜೀವಕ್ಕೆ ಆಯಸ್ಸು ತೇಯುವವಳನ್ನು ಊರು ಇನ್ನೇನೆಂದು ಕರೆದೀತು? ದಕ್ಷಿಣದ ಚಳಿದ್ವೀಪಗಳ ಪಾಚಿ ತಂದು ಆಲಿಕೆಯಲ್ಲಿ ಹರವಿ, ಮೇಲೆ ದೀಪ ಹಚ್ಚುವಳು. ಬಿಸಿ ತಾಳದ ನುಸಿಗಳು ತೇವ ಹುಡುಕುತ್ತ ಕೆಳಗಿನ ಶೀಶೆಗೆ ಬೀಳುವವು. ಆಮೇಲೆ ಕಾಲಿನ ಕೂದಲು, ಬೆನ್ನಿನ ಗೆರೆ ನೋಡಿ ಅವುಗಳ ಕುಲ ಗೊತ್ತುಮಾಡುವುದು ಅವಳ ಕಸುಬು.

ಒಂದು ಬಂಡೆದ್ವೀಪ ಮಾತ್ರ ಒಲಿದಿರಲಿಲ್ಲ; ಅಲೆಗಳು ಅವಳ ದೋಣಿಯನ್ನು ದಡಕ್ಕೆ ಬಿಡುತ್ತಿರಲಿಲ್ಲ. ಹಿಂದೆಂದೋ ಯಾರೋ ಅಲ್ಲಿಂದ ತಂದ ಒಂಟಿ ನುಸಿ ಯಾವ ಕುಲಕ್ಕೂ ಸೇರದೆ ಕಾಡುತ್ತಿತ್ತು. ಅದೂ ಅರ್ಧ ಮುರಿದದ್ದು. ಅದನ್ನು ನಂಬಿ ಹೊಸ ಜಾತಿಯೆಂದು ಸಾರುವಂತಿಲ್ಲ. ಅವಳ ನಿವೃತ್ತಿಯ ವರ್ಷ ಕಡಲಿಗೆ ಕರುಣೆ ಬಂತು, ದೋಣಿ ದಡ ಮುಟ್ಟಿತು. ಒಂದು ಚೀಲ ಪಾಚಿ ತುಂಬುವಷ್ಟರಲ್ಲಿ ಗಾಳಿ ಎದ್ದಿತು. ಇನ್ನು ಅತ್ತ ಹೋಗುವ ಮಾತಿಲ್ಲ.

ದೋಣಿಯ ಅಡುಗೆಯವರು ಮುದುಕ ದೊನ್ ಅರ್ಸೆನಿಯೊ. ತೀರಿಕೊಂಡ ತಮ್ಮ ಹೆಂಡತಿ ಒತಿಲಿಯಾ ಹೆಣೆದಿದ್ದ ಉಣ್ಣೆ ಟೊಪ್ಪಿಯನ್ನು ಹೊರಡುವಾಗ ನೇಲಿದಾಳ ತಲೆಗೆ ತೊಡಿಸಿದ್ದವರು ಅವರೇ. ಒದ್ದೆಯಾದದ್ದೇನು ಕಂಡರೂ ಒಲೆಯ ಮೇಲಿನ ತಂತಿಜಾಲರಿಗೆ ಏರಿಸದೆ ಬಿಡುವ ಜೀವವಲ್ಲ. ನೇಲಿದಾ ಒಂದು ನಿದ್ದೆ ತೆಗೆದು ಎದ್ದು ನೋಡುತ್ತಾಳೆ, ಪಾಚಿ ಹಪ್ಪಳವಾಗಿದೆ. ಅದರ ಮೇಲೆ ಅವಳ ನೆನೆದ ಟೊಪ್ಪಿ.

“ಅಯ್ಯೋ! ಏನ್ ಮಾಡ್ಬಿಟ್ರಿ!”

“ತೊಟ್ಟಿಕ್ತಿತ್ತಲ್ಲ ಮಗಳೇ, ಒಣಗ್ಲಿ ಅಂತ ಇಟ್ಟೆ. ತಪ್ಪಾಯ್ತಾ?”

“ನನ್ನ ನುಸಿ ಎಲ್ಲ ಸತ್ತೋದ್ವು!”

ಅವಳು ಅತ್ತೇಬಿಟ್ಟಳು. ಮುದುಕರು ಟೊಪ್ಪಿ ಎತ್ತಿಕೊಟ್ಟರು. “ಇದನ್ನಾದ್ರೂ ಹಾಕ್ಕೊ. ಥೂ, ಈ ಹಾಳಾದ್ದು ಮಾತ್ರ ಇನ್ನೂ ಒದ್ದೆ!”

ಒದ್ದೆ! ನೇಲಿದಾಳ ಅಳು ನಿಂತಿತು. ಇಲ್ಲಿ ಬಿಸಿ ಬಂದದ್ದು ಕೆಳಗಿನಿಂದ. ಹಾಗಾದರೆ ತೇವ ಹುಡುಕುವ ನುಸಿ ಹೋಗುವುದೆಲ್ಲಿಗೆ? ಭೂತಗನ್ನಡಿ ಹಿಡಿದು ಟೊಪ್ಪಿಯನ್ನು ಮಗುಚಿದಳು. ಉಣ್ಣೆಯ ಎಳೆಗಳ ನಡುವೆ ಕಂದು ಚುಕ್ಕೆಗಳು ನೆಮ್ಮದಿಯಾಗಿ ಓಡಾಡುತ್ತಿದ್ದವು.

ಗಂಡು, ಹೆಣ್ಣು, ಮರಿ, ಎಲ್ಲವೂ ಇಡಿಯಾಗಿದ್ದವು. ಊರಿಗೆ ಬಂದು ಪರೀಕ್ಷಿಸಿದರೆ ಹೊಸ ಜಾತಿಯೇ! ಆ ಮುದುಕರ ಋಣ ಈ ಜನ್ಮಕ್ಕೆ ತೀರುವುದಲ್ಲ ಎಂದುಕೊಂಡಳು ನೇಲಿದಾ.

“ನಿಮ್ಮ ಹೆಸರೇ ಇಡ್ತೀನಿ, ದೊನ್ ಅರ್ಸೆನಿಯೊ.”

“ಬ್ಯಾಡಮ್ಮ! ಊರ್ತುಂಬಾ ನುಸಿಯಪ್ಪ ಅಂತಾರೆ.” ಆಮೇಲೆ ಹೇಳಿದರು: “ಒತಿಲಿಯಾ ಹೆಸರಿಡ್ತೀಯಾ? ನಮಗೆ ಮಕ್ಕಳಿಲ್ಲ. ನಾನು ಹೋದ್ಮೇಲೆ ಅವಳ ಹೆಸರು ಹೇಳೋರಿಲ್ಲ.”

ನೇಲಿದಾ ಮುದುಕರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಒದ್ದೆ ಉಣ್ಣೆಯ ಎಳೆಯೊಂದಕ್ಕೆ ಅಂಟಿಕೊಂಡು ಒಂದು ನುಸಿ ಕೂತಿತ್ತು. ಮುದುಕರು ಬಹಳ ಹೊತ್ತು ನೋಡಿದರು.

“ಅವಳೇ,” ಎಂದರು. “ಉಣ್ಣೆ ಬಿಟ್ಟು ಕೂತೋಳೇ ಅಲ್ಲ.”