ಉಡಿಗೆ ಬಿದ್ದ ಟೊಮೆಟೊ

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಈಗ ಟೊಮೆಟೊ ಸಸಿಗೂ ಮನೆತನ ಕೇಳುತ್ತಾರೆ. ಹೆಣ್ಣು ನೋಡಲು ಹೋದವರಷ್ಟೇ ಗಂಭೀರವಾಗಿ ಕೇಳುತ್ತಾರೆ: ಯಾವ ಊರಿನದು, ಯಾರ ಹಿತ್ತಲಿನದು, ಎಷ್ಟು ತಲೆಮಾರಿನದು. ರುಚಿ ಹೇಗಿದೆ ಎಂದು ಕೇಳಿದವರನ್ನು ನಾನು ನೋಡಿದ್ದು ಬಹಳ ಕಡಿಮೆ.

ಇದಕ್ಕಾಗಿ ಒಂದು ವಾಟ್ಸಾಪ್ ಬಳಗವಿದೆ. ಜವಾರಿ ತಳಿ ಉಳಿಸುವುದು ಅದರ ಗುರಿ. ತಿಂಗಳಿಗೊಂದು ಭಾನುವಾರ, ಮದುವೆ ಇಲ್ಲದ ದಿನ ನೋಡಿ, ಶಿಗ್ಗಾಂವಿಯ ಹೆದ್ದಾರಿ ಪಕ್ಕದ ಕಲ್ಯಾಣ ಮಂಟಪವೊಂದರ ಅಂಗಳದಲ್ಲಿ ಸದಸ್ಯರು ಸೇರುತ್ತಾರೆ. ಹಾಲಿನ ಪಾಕೀಟು, ಎಣ್ಣೆ ಡಬ್ಬಿ, ಒಡೆದ ಬಕೆಟುಗಳಲ್ಲಿ ಸಸಿಗಳು ಬರುತ್ತವೆ. ಮಾರಾಟ ನಿಷಿದ್ಧ. ಸಸಿ ಕೊಟ್ಟು ಸಸಿ ಒಯ್ಯಬೇಕು. ಕೊಡಲು ಸಸಿ ಇಲ್ಲದವರು ರೊಕ್ಕ ಕೊಡಬಹುದು, ಆದರೆ ಅದು ಸಸಿಯ ಬೆಲೆಯಲ್ಲ, ಚೀಲದ ಖರ್ಚು. ಸಸಿಯ ಮನೆತನ ದೊಡ್ಡದಾದಂತೆ ಅದೇ ಚೀಲ ತುಟ್ಟಿಯಾಗುತ್ತದೆ.

ಈ ಸದಸ್ಯರಲ್ಲಿ ಅರ್ಧಕ್ಕರ್ಧ ಮಂದಿಯ ಹೊಲದಲ್ಲಿ ಬೀಜದ ಕಂಪನಿಗಳ ಕ್ರಾಸಿಂಗ್ ನಡೆಯುತ್ತದೆ. ಅಂದರೆ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡಿಕೊಡುವ ಕೆಲಸ. ವಾರವಿಡೀ ಹೈಬ್ರಿಡ್ ಬೀಜ ಮಾಡುವುದು, ಭಾನುವಾರ ಬಂದು ಹೈಬ್ರಿಡ್ಡನ್ನು ಬೈಯುವುದು. ಎರಡನ್ನೂ ಅವರು ಮನಸ್ಸಿಟ್ಟು ಮಾಡುತ್ತಾರೆ.

ನಾನು ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬೇರೆಯವರು ಬರೆದದ್ದನ್ನು ತಿದ್ದುತ್ತ ದುಡಿದವನು. ನಿವೃತ್ತನಾಗಿ ಶಿಗ್ಗಾಂವಿಯಲ್ಲಿದ್ದೇನೆ. ನನ್ನ ಮನೆಗೆ ಹಿತ್ತಲಿಲ್ಲ, ಮಾಳಿಗೆ ಇದೆ. ಬಳಗದ ಸಭೆಗೆ ನೋಡಲು ಹೋಗುತ್ತಿದ್ದೆ, ಬರಿಗೈಯಲ್ಲಿ ಬರುತ್ತಿದ್ದೆ. ಗಿಡ ಬೇಕಾಗಿದ್ದದ್ದು ನನಗಲ್ಲ, ಹಂಸಭಾವಿಯಲ್ಲಿರುವ ನನ್ನ ಅಕ್ಕನಿಗೆ.

ಅಕ್ಕನ ಹಿತ್ತಲಲ್ಲಿ ನಮ್ಮ ಅವ್ವನ ಟೊಮೆಟೊ ಇತ್ತು. ಚಪ್ಪಟೆ ಹಣ್ಣು, ಮೈತುಂಬ ಮಡಿಕೆ, ಹಣ್ಣಾದರೂ ತೊಟ್ಟಿನ ಸುತ್ತ ಹಸಿರು ಬಿಡದು. ನೋಡಲು ಯಾರೋ ಮೇಲೆ ಕುಳಿತೆದ್ದಂತೆ ಕಾಣುತ್ತದೆ. ಸಂತೆಯಲ್ಲಿ ಇಟ್ಟರೆ ಯಾರೂ ಮುಟ್ಟುವುದಿಲ್ಲ. ಆದರೆ ಅದರ ಸಾರಿಗೆ ಹುಣಸೆಹಣ್ಣು ಬೇಕಾಗುತ್ತಿರಲಿಲ್ಲ. ಅವ್ವನಿಗೆ ಅದು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ. ಅವ್ವ ಹೋದಳು, ತವರಿನ ಮನೆ ಮಾರಾಟವಾಯಿತು, ಅಕ್ಕನ ಪಾಲಿಗೆ ತವರೆಂದು ಉಳಿದದ್ದು ಆ ಗಿಡ ಮತ್ತು ನಾನು. ಇಬ್ಬರಲ್ಲಿ ಉಪಯೋಗಕ್ಕೆ ಬರುತ್ತಿದ್ದದ್ದು ಗಿಡ.

ಅವಳು ಬೀಜ ತೆಗೆದಿಡುತ್ತಿರಲಿಲ್ಲ. ಬಿದ್ದ ಹಣ್ಣಿನಿಂದ ಸಸಿಗಳು ತಾವೇ ಏಳುತ್ತಿದ್ದವು. ಮನೆಗೆ ಬಂದ ಮುತ್ತೈದೆಯರು ಹೊರಟು ನಿಂತಾಗ ನಮ್ಮ ಕಡೆ ಉಡಿ ತುಂಬುತ್ತಾರೆ. ಸೆರಗೊಡ್ಡಿದರೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಖಣ ಅಂದರೆ ರವಿಕೆ ಬಟ್ಟೆ ಹಾಕುವುದು ರೂಢಿ. ಅಕ್ಕ ಅದರ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಟೊಮೆಟೊ ಸಸಿಯನ್ನೂ ಹಾಕುವಳು. ಕೊನೆಗೆ ಬಂದವಳಿಗೆ ಕೊನೆಯ ಸಸಿ. ತನಗೊಂದು ಇಟ್ಟುಕೊಂಡರೆ ಜಿಪುಣತನ ಎಂದು ಅವಳ ತಿಳುವಳಿಕೆ.

ಹೋದ ವರ್ಷ ಭಾವ ಟೊಮೆಟೊ ಕ್ರಾಸಿಂಗ್ ಹಿಡಿದರು. ಅವರ ಹೊಲ ಮನೆಗೆ ಹತ್ತಿಕೊಂಡೇ ಇದೆ. ಕಂಪನಿಯಿಂದ ಬಂದವನು, ಸುತ್ತಮುತ್ತ ಬೇರೆ ಯಾವ ಟೊಮೆಟೊ ಗಿಡವೂ ಇರಬಾರದು, ತಳಿ ಕೆಡುತ್ತದೆ ಎಂದ. ಅಕ್ಕ ಮದುವೆಗೆಂದು ಅಬಲೂರಿಗೆ ಹೋಗಿದ್ದಳು. ಭಾವ ಹಿತ್ತಲನ್ನು ಸ್ವಚ್ಛ ಮಾಡಿ, ಅವಳು ಬಂದಾಗ ಅದನ್ನು ಹೆಮ್ಮೆಯಿಂದ ತೋರಿಸಿದರು. ಅವರಿಬ್ಬರ ನಡುವೆ ಏನು ಮಾತಾಯಿತೆಂದು ನನಗೆ ತಿಳಿಯದು. ಕೆಲವು ದಿನ ಭಾವ ಖಾನಾವಳಿಯಲ್ಲಿ ಊಟ ಮಾಡಿದ್ದು ತಿಳಿದಿದೆ.

"ಹಾನಗಲ್ಲದಾಕಿಗೆ ಕೊಟ್ಟಿದ್ದಿಯಲ್ಲ, ಆಕೀನ್ನ ಒಂದು ಹಣ್ಣು ಕೇಳು" ಎಂದೆ. ಹಾನಗಲ್ಲಿನವಳು ಅಕ್ಕನ ಗೆಳತಿ, ನಮ್ಮ ಬಳಗದ ಹಳೆಯ ಸದಸ್ಯೆ.

"ಉಡಿಯಾಗ ಹಾಕಿದ್ದನ್ನ ತಿರುಗಿ ಕೇಳಬೇಕೇನೋ ತಮ್ಮಾ? ನಾಳೆ ಹಾಕಿದ ಖಣಾನೂ ಕೇಳು ಅಂತಿ."

"ಕೇಳಿದರ ಏನಾಕ್ಕೇತಿ?"

"ಏನೂ ಆಗೂದಿಲ್ಲ. ಆಕಿ ಕೊಡತಾಳ. ಅದಕ್ಕ ಕೇಳಬಾರದು."

ಈ ತರ್ಕವನ್ನು ತಿದ್ದುವ ಕೆಲಸಕ್ಕೆ ನಾನು ಹೋಗಲಿಲ್ಲ. ಸುತ್ತುಬಳಸಿ ವಿಚಾರಿಸಿದೆ. ಹಾನಗಲ್ಲಿನವಳ ಗಿಡಗಳನ್ನು ಮಂಗಗಳು ಮುಗಿಸಿದ್ದವು. ಉಳಿದವರಲ್ಲಿ ಹಲವರು ಹಿತ್ತಲಿಗೆ ಸಿಮೆಂಟು ಹಾಕಿಸಿದ್ದರು. ತಂದ ಸಸಿಯನ್ನು ಉಡಿಯ ಅಕ್ಕಿಯ ಜೊತೆಗೇ ಮರೆತವರೂ ಇದ್ದರು.

ಆಗ ಬಳಗದಲ್ಲಿ ಒಂದು ಫೋಟೊ ಬಂತು. ಸವಣೂರಿನ ನಿವೃತ್ತ ಅಧಿಕಾರಿಯೊಬ್ಬರು ಹಾಕಿದ್ದರು. ಬಳಗದಲ್ಲಿ ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಾರೆ. ಹಿತ್ತಾಳೆ ತಟ್ಟೆಯ ಮೇಲೆ ಒಂದು ಹಣ್ಣು, ಕೆಳಗೆ ಬರಹ: ನವಾಬರ ಅಡುಗೆಮನೆಯ ಅಪರೂಪದ ಟೊಮೆಟೊ. ಅಕ್ಕನಿಗೆ ಫೋನು ತೋರಿಸಿದೆ. ಅವಳು ಕನ್ನಡಕ ಹಾಕಿಕೊಳ್ಳಲೂ ಇಲ್ಲ.

"ನಮ್ಮವ್ವಂದು" ಎಂದಳು.

ಸುದ್ದಿಯ ಮೂಲ ಹುಡುಕುವುದು ನನ್ನ ಹಳೆಯ ಚಟ. ಅಕ್ಕ ಕೊಡುವಾಗ ಅದು ನಮ್ಮವ್ವನದು ಎಂದಿದ್ದಳು. ಹಾನಗಲ್ಲಿನವಳು ಸಭೆಗೆ ತಂದಾಗ ಅದು ನೂರು ವರ್ಷದ್ದಾಯಿತು. ಶಿಗ್ಗಾಂವಿಯಲ್ಲಿ ಅವಳಿಂದ ಪಡೆದವರು ಯಾವುದೋ ಗುಡಿಯ ತೋಟದ್ದೆಂದರು. ಸವಣೂರಿಗೆ ಹೋಗುವ ಹೊತ್ತಿಗೆ ಗುಡಿ ಹಳತಾಗಿ ನವಾಬರು ಬಂದಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ. ಪ್ರತಿಯೊಬ್ಬರೂ ಹಿಂದಿನವರು ಹೇಳಿದ್ದನ್ನು ನಂಬಿ, ತಮ್ಮ ಕಡೆಯಿಂದ ಸ್ವಲ್ಪ ಗೌರವ ಸೇರಿಸಿದ್ದರು. ನಮ್ಮ ಸುದ್ದಿಮನೆಯಲ್ಲೂ ಹೀಗೆಯೇ ನಡೆಯುತ್ತಿತ್ತು. ಅಲ್ಲಿ ನಾವು ಅದನ್ನು ಬಲ್ಲ ಮೂಲಗಳು ಎನ್ನುತ್ತಿದ್ದೆವು.

ಸಾಹೇಬರಿಗೆ ಅಕ್ಕ ಏನನ್ನೂ ಉಡಿ ತುಂಬಿರಲಿಲ್ಲವಾದ್ದರಿಂದ ಅವರನ್ನು ಕೇಳಲು ಅಡ್ಡಿಯಿರಲಿಲ್ಲ. ಆದರೆ ಅವಳು ಬರಿಗೈಯಲ್ಲಿ ಹೋಗಲಾರಳು. ಬಚ್ಚಲ ಮೋರಿಯ ಬದಿಗೆ ಎದ್ದಿದ್ದ ಒಂದು ಟೊಮೆಟೊ ಸಸಿಯನ್ನು ಮಣ್ಣು ಸಮೇತ ಕಿತ್ತು, ಹಳೆಯ ಡಬ್ಬಿಗೆ ಹಾಕಿಕೊಂಡು ಬಂದಳು. ಇಬ್ಬರೂ ಸವಣೂರಿನ ಬಸ್ಸು ಹತ್ತಿದೆವು.

ಸಾಹೇಬರ ಮಾಳಿಗೆಯ ಮೇಲೆ ಕೆಂಪು ಬಣ್ಣ ಹಚ್ಚಿದ ಕುಂಡಗಳು ಕವಾಯತಿಗೆ ನಿಂತಂತಿದ್ದವು. ಗಿಡದಲ್ಲಿ ಹಣ್ಣುಗಳು ಬಿರಿದು, ಕೆಲವು ಕೊಳೆತು, ಇರುವೆ ಹತ್ತಿದ್ದವು. ಕೀಳುವಂತಿರಲಿಲ್ಲ. ಪ್ರದರ್ಶನಕ್ಕೆ ಬೇಕಂತೆ.

"ನವಾಬರದು ಅನ್ನಾಕ ಆಧಾರ ಏನ್ರಿ?" ಎಂದು ಕೇಳಿದೆ.

"ಮಂದಿ ಹೇಳತಾರ್ರಿ."

"ಯಾವ ಮಂದಿ?"

"ಬಳಗದಾಗ ಎಲ್ಲಾರೂ ಹೇಳತಾರಲ್ರಿ. ನಾ ಹಾಕಿದ ಮ್ಯಾಲೆ."

ಅಕ್ಕ ಗಿಡದ ಮುಂದೆ ಕುಳಿತು ಒಂದು ಎಲೆ ತಿಕ್ಕಿ ಮೂಸಿದಳು. ಕೈ ಕೆಳಗಿಳಿಸಲೇ ಇಲ್ಲ.

"ಸಾರಿಗೆ ಹಾಕಿ ನೋಡೀರೇನ್ರಿ ಸಾಹೇಬ್ರ?"

"ಸಾರಿಗೆ? ಅಕ್ಕಾರ, ಇದು ತಳಿರಿ. ತಿನ್ನಾಕ ಸಂತ್ಯಾಗ ಬ್ಯಾರೆ ಸಿಗತಾವು."

"ನನಗ ಒಂದು ಅಗಿ ಬೇಕಾಗಿತ್ರಿ." ಅಗಿ ಎಂದರೆ ನಮ್ಮ ಕಡೆ ಸಸಿ. "ನಮ್ಮ ಅವ್ವನ ಹಿತ್ತಲದಾಗಿದ್ದದ್ದು ಇದ ಐತ್ರಿ."

"ಇರಬಹುದ್ರಿ, ಇರಬಹುದು. ನವಾಬರ ಅಡಗಿ ಮನ್ಯಾಗ ಕೆಲಸಕ್ಕಿದ್ದ ಮಂದಿ ಊರೂರಿಗೆ ಒಯ್ದಿರತಾರ." ನಮ್ಮ ಅವ್ವನನ್ನು ಅವರು ಒಂದೇ ವಾಕ್ಯದಲ್ಲಿ ನವಾಬರ ಸೇವೆಗೆ ಹಚ್ಚಿದರು. "ಆದರ ಹಂಗ ಕೊಡಾಕ ಬರೂದಿಲ್ರಿ ಅಕ್ಕಾರ. ಇತಿಹಾಸ ಇದ್ದದ್ದಕ್ಕ ಇತಿಹಾಸ ಇದ್ದದ್ದ ಬೇಕು. ನೀವು ತಂದಿದ್ದು ಯಾವ ಕಾಲದ್ದು?"

ಅಕ್ಕ ಡಬ್ಬಿಯನ್ನು ನೋಡಿದಳು. ಇಲ್ಲಿ ಒಂದು ಅರಮನೆಯನ್ನೋ ಒಬ್ಬ ದೇಸಾಯಿಯನ್ನೋ ಹುಟ್ಟಿಸಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ಅದು ಹೊಳೆಯಲಿಲ್ಲ. ನನಗೆ ಹೊಳೆಯಿತು, ಸುಮ್ಮನಿದ್ದೆ.

"ಕಾಲ ಗೀಲ ಏನಿಲ್ರಿ. ನಮ್ಮ ಮನಿಯವರು ಕ್ರಾಸಿಂಗ್ ಹಣ್ಣು ಒಡದು ಬೀಜ ತೊಳೀತಾರ. ಆ ನೀರು ಬಚ್ಚಲ ಮೋರಿಗೆ ಹೋಗತೇತಿ. ಅಲ್ಲಿ ತಾನ ಹುಟ್ಟೇತ್ರಿ ಇದು."

"ತಾನ ಹುಟ್ಟೇತಿ?"

"ಹೂನ್ರಿ. ಯಾರೂ ಹಚ್ಚಿಲ್ಲ."

ಸಾಹೇಬರು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಸ್ವಯಂಭೂ" ಎಂದರು.

ಕ್ರಾಸಿಂಗ್, ಮೋರಿ, ತೊಳೆದ ನೀರು, ಇವೆಲ್ಲ ಅವರ ಕಿವಿಯ ಹೊರಗೇ ಉಳಿದವು. ಅಬಲೂರು, ಹಂಸಭಾವಿ ಎಂದರೆ ಶಾಸನಗಳ ನಾಡು, ಅಲ್ಲಿ ತಾನಾಗಿ ಹುಟ್ಟಿದ್ದು ಸಾಮಾನ್ಯದ್ದಾಗಿರಲಾರದು ಎಂದು ನನಗೇ ವಿವರಿಸಿದರು. ನೂರಾರು ಮೈಲಿ ಆಚೆಯ ಪ್ರಯೋಗಾಲಯದಲ್ಲಿ ಯಾರೋ ಲೆಕ್ಕ ಹಾಕಿ ಹುಟ್ಟಿಸಿದ ಹೈಬ್ರಿಡ್ಡಿನ ಮಗು, ನಮ್ಮ ಕಣ್ಣೆದುರಿಗೇ ದೇವರ ಸಾಲಿಗೆ ಸೇರಿತು.

ಆದರೂ ಸಸಿ ಸಿಗಲಿಲ್ಲ. ಇದ್ದ ಸಸಿಗಳನ್ನೆಲ್ಲ ದೊಡ್ಡವರೊಬ್ಬರಿಗೆ ಕೊಡುವುದಾಗಿ ಮಾತು ಕೊಟ್ಟಿದ್ದಾರಂತೆ. ಸ್ವಯಂಭೂ ಫಲ ಕೊಟ್ಟು ಅದರ ಗುಣ ತಿಳಿಯಲಿ, ಮುಂದಿನ ವರ್ಷ ನೋಡೋಣ ಎಂದರು. ಹಾಗೆಂದು ಡಬ್ಬಿಯನ್ನೇನೂ ತಿರುಗಿ ಕೊಡಲಿಲ್ಲ. ಅಕ್ಕ ಒಂದು ಹಣ್ಣನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ. ಒಮ್ಮೆ ಇಲ್ಲವೆಂದವರ ಮುಂದೆ ಎರಡನೆಯ ಸಲ ಕೈಚಾಚುವ ಅಭ್ಯಾಸ ಅವಳಿಗಿಲ್ಲ. ಮೆಟ್ಟಿಲಿಳಿಯುವಾಗ ಅವಳು ಕಟಾಂಜನ ಹಿಡಿದುಕೊಂಡೇ ಇಳಿದಳು. ಏರುವಾಗ ಹಿಡಿದಿರಲಿಲ್ಲ.

ಕೆಳಗೆ ಸಾಹೇಬರ ಹೆಂಡತಿ ಚಹಾ ಮಾಡಿದ್ದರು. ಮೇಲೆ ನಡೆದ ಮಾತು ಅವರಿಗೆ ಕೇಳಿಸಿದಂತಿತ್ತು. ಕುಡಿದು ಎದ್ದಾಗ ಅಕ್ಕನ ಕೈ ಹಿಡಿದರು.

"ಕುಂದರ್ರಿ ಅಕ್ಕಾರ. ಮುತ್ತೈದಿ ಮನಿಗೆ ಬಂದು ಬರೀ ಉಡೀಲೆ ಹೋಗಬಾರದು."

ಮಣೆ ಹಾಕಿದರು, ಕುಂಕುಮ ಹಚ್ಚಿದರು. ಅಕ್ಕ ಸೆರಗೊಡ್ಡಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಖಣ ಬಿದ್ದವು. ಆಮೇಲೆ ಅವರು ತಡೆದು ನಿಂತರು.

"ಹಣ್ಣಿಲ್ಲದ ಉಡಿ ತುಂಬಬಾರದು. ಬಾಳಿಹಣ್ಣು ತೀರಿ ಹೋಗ್ಯಾವ್ರಿ."

ದೇವರ ಗೂಡಿನಲ್ಲಿ ಬಾಳೆಹಣ್ಣಿನ ಒಂದು ಚಿಪ್ಪು ಇದ್ದದ್ದನ್ನು ನಾನು ನೋಡಿದೆ. ಸುದ್ದಿಗೆ ಅಗತ್ಯವಿಲ್ಲದ ವಿವರವೆಂದು ಬಿಟ್ಟೆ. ಅವರು ಒಳಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಎರಡು ಟೊಮೆಟೊ ತಂದರು. ಚಪ್ಪಟೆ, ಮಡಿಕೆ ಮಡಿಕೆ, ತೊಟ್ಟಿನ ಸುತ್ತ ಹಸಿರು.

"ಅಲ್ಲ, ಅವು..." ಎಂದರು ಬಾಗಿಲಲ್ಲಿದ್ದ ಸಾಹೇಬರು.

"ಹಣ್ಣು ಅಲ್ಲೇನ್ರಿ ಮತ್ತ?" ಎಂದು ಅವರ ಮನೆಯವರು ಎರಡನ್ನೂ ಉಡಿಗೆ ಹಾಕಿದರು.

ಸಾಹೇಬರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಇಲಾಖೆಯಲ್ಲಿ ಎಷ್ಟೋ ಆದೇಶಗಳನ್ನು ಹಿಂಪಡೆದ ಮನುಷ್ಯ. ಆದರೆ ಹೆಣ್ಣುಮಗಳ ಉಡಿಗೆ ಬಿದ್ದದ್ದನ್ನು ಹಿಂಪಡೆಯುವ ಅಧಿಕಾರ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಇಲ್ಲ. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಲೆ ಬಗ್ಗಿಸಿ ಹೊರಬಿದ್ದಳು. ಬಸ್ಸಿನಲ್ಲಿ ಕೂಡ ಉಡಿ ಬಿಚ್ಚಲಿಲ್ಲ.

ಸವಣೂರು ದಾಟಿದ ಮೇಲೆ ನನ್ನ ಕಡೆ ಬಾಗಿದಳು. "ಆಕಿ ಕುಂಕುಮ ಹಚ್ಚೂವಾಗ ಕಿವ್ಯಾಗ ಹೇಳಿದಳು. ಸಾಹೇಬರು ಸಭಾಕ್ಕ ಹೋದ ದಿನ ಸಾರು ಮಾಡತಾಳಂತ. ಹಣ್ಣು ಎಲ್ಲಿ ಅಂದರ ಮಂಗ್ಯಾ ಒಯ್ತು ಅಂತಾಳಂತ."

"ರುಚಿ ಹೆಂಗ ಆಕ್ಕೇತಂತ?"

"ಹುಣಸಿಹಣ್ಣು ಬ್ಯಾಡಂತ."

ಹಾನಗಲ್ಲಿನ ಮಂಗಗಳ ವಿಷಯವನ್ನೂ ಮತ್ತೊಮ್ಮೆ ವಿಚಾರಿಸಬೇಕೆಂದು ನನಗೆ ಆಗ ಅನಿಸಿತು.

ಆ ಎರಡು ಹಣ್ಣುಗಳ ಬೀಜವನ್ನು ಅಕ್ಕ ಬೂದಿಯಲ್ಲಿ ಹೊರಳಿಸಿ ಒಣಗಿಸಿದಳು. ಭಾವ ಆ ಹಂಗಾಮಿಗೆ ಕ್ರಾಸಿಂಗ್ ಬಿಟ್ಟು ಗೋವಿನಜೋಳ ಹಾಕಿದರು. ಕಾರಣವನ್ನು ಯಾರೂ ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಸಿ ಎದ್ದವು. ಮುತ್ತೈದೆಯರು ಮತ್ತೆ ಬರತೊಡಗಿದರು, ಅಕ್ಕ ಮತ್ತೆ ಉಡಿ ತುಂಬತೊಡಗಿದಳು. ಬಳಗದಲ್ಲಿ ಸಾಹೇಬರು ಸ್ವಯಂಭೂ ಟೊಮೆಟೊದ ಫೋಟೊ ಹಾಕಿದರು. ಗುಂಡಗೆ, ನುಣ್ಣಗೆ, ಸಂತೆಯ ಬುಟ್ಟಿಯಲ್ಲಿ ಎಲ್ಲಿ ಬೇಕಾದರೂ ಸಿಗುವಂಥ ಹಣ್ಣು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಅದರ ಚೀಲದ ಖರ್ಚು ನವಾಬರದಕ್ಕಿಂತ ಹೆಚ್ಚೆಂದು ಕೇಳಿದ್ದೇನೆ. ಖಚಿತಪಡಿಸಿಕೊಂಡಿಲ್ಲ.

ಈ ಸಲವೂ ಎಲ್ಲವನ್ನೂ ಹಂಚಿ ಖಾಲಿಯಾಗುತ್ತಾಳೆಂದು ನಾನು ಕಾಯುತ್ತಿದ್ದೆ. ಒಂದು ಮುಂಜಾನೆ ಅಕ್ಕ ಹಂಸಭಾವಿಯಿಂದ ಬಸ್ಸು ಬದಲಿಸಿ ನನ್ನ ಮನೆಗೆ ಬಂದಳು. ಕೈಚೀಲದಲ್ಲಿ ಎರಡು ಸಸಿ. ಮಾಳಿಗೆ ಏರಿ, ನನ್ನ ಖಾಲಿ ಪೇಂಟ್ ಡಬ್ಬಿಗಳಿಗೆ ತೂತು ಹಾಕಿ, ತಾನೇ ತಂದ ಮಣ್ಣು ತುಂಬಿ ಅವನ್ನು ನೆಟ್ಟಳು.

"ನನಗ ಯಾಕ? ಹಚ್ಚೂದಾದರ ನಿನ್ನ ಹಿತ್ತಲದಾಗ ಹಚ್ಚು" ಎಂದೆ.

"ನನ್ನ ಹಿತ್ತಲಕ್ಕ ಗಂಡ ಅದಾನ. ಮಂದಿ ಹಿತ್ತಲಕ್ಕ ಮಂಗ್ಯಾ ಅದಾವು."

"ಹಂಗಾರ ನನಗ ಕೊಟ್ಟಿ ಅಂತ ತಿಳ್ಕೊಳ್ಳಲೇನು?"

ಅಕ್ಕ ಕೈಯ ಮಣ್ಣು ಝಾಡಿಸಿದಳು. "ಕೊಟ್ಟಿಲ್ಲ, ಇಟ್ಟೇನಿ. ನೀ ಗಂಡಸು, ನಿನಗ ಉಡಿ ಇಲ್ಲ. ಬೇಕಾದಾಗ ಬಂದು ಕೇಳಿ ಒಯ್ತೇನಿ."

ಗಿಡಗಳು ಈಗ ನನ್ನ ಎದೆಮಟ್ಟಕ್ಕೆ ಬಂದಿವೆ. ಅಕ್ಕ ದಿನಾ ಮುಂಜಾನೆ ಫೋನು ಮಾಡಿ ನೀರು ಹಾಕಿದೆಯಾ ಎಂದು ಕೇಳುತ್ತಾಳೆ. ಹಣ್ಣು ಬಂದಿವೆ ಎಂದು ನಾನು ಇನ್ನೂ ಹೇಳಿಲ್ಲ. ಹೇಳಿದರೆ ಎಷ್ಟು ಬಂದಿವೆ ಎಂದು ಕೇಳುತ್ತಾಳೆ, ಮತ್ತು ನಿನ್ನೆ ನಾನು ಸಾರು ಮಾಡಿದ್ದೆ. ಶಿಗ್ಗಾಂವಿಯ ಈ ಓಣಿಯಲ್ಲಿ ಮಂಗಗಳಿಲ್ಲ ಎಂಬುದು ಅವಳಿಗೆ ಗೊತ್ತಿದೆ.